ಕಾರಿನಲ್ಲಿ ಹಾಡು, ಮ್ಯಾಪ್, ಫೋನ್ ಒಟ್ಟಿಗೇ ಸತ್ತಿವೆಯೇ? ಹೆಡ್ ಯೂನಿಟ್ ಬದಲಿಸುವ ಮೊದಲು ಇದನ್ನು ಓದಿ

ಸೆಕೆಂಡ್ ಹ್ಯಾಂಡ್ ಜರ್ಮನ್ ಕಾರು ಕೊಂಡಿದ್ದೀರಿ. ಒಂದು ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸ್ಪೀಕರಿನಲ್ಲಿ ಸದ್ದಿಲ್ಲ, ಮ್ಯಾಪ್ ಬರುತ್ತಿಲ್ಲ, ಬ್ಲೂಟೂತ್‌ಗೆ ಫೋನ್ ಸೇರುತ್ತಿಲ್ಲ. ಎಂಜಿನ್ ಮಾತ್ರ ಆರಾಮಾಗಿ ಓಡುತ್ತಿದೆ. ಇಂಥ ಹೊತ್ತಿನಲ್ಲಿ ಮೊದಲು ಕಿವಿಗೆ ಬೀಳುವ ಮಾತು, "ಹೆಡ್ ಯೂನಿಟ್ ಹೋಗಿದೆ, ಹೊಸದು ಹಾಕಬೇಕು." ನಮ್ಮ ಭಾವನ ಕಾರಿಗೂ ಒಂದು ಗ್ಯಾರೇಜಿನಲ್ಲಿ ಇದೇ ಮಾತು ಹೇಳಿ ದೊಡ್ಡ ಎಸ್ಟಿಮೇಟ್ ಬರೆದುಕೊಟ್ಟಿದ್ದರು. ಕೊನೆಗೆ ಸಿಕ್ಕ ಕಳ್ಳ ಡಿಕ್ಕಿಯೊಳಗೆ ಮಳೆನೀರು ಕುಡಿದು ಕೂತಿದ್ದ ಆಂಪ್ಲಿಫೈಯರ್. ಹೆಡ್ ಯೂನಿಟ್‌ಗೆ ಏನೂ ಆಗಿರಲಿಲ್ಲ.

ಆಂಪ್ಲಿಫೈಯರ್ ಕೆಟ್ಟರೆ ಸದ್ದು ಹೋಗಬೇಕು, ಸರಿ. ಮ್ಯಾಪ್ ಏಕೆ ಹೋಯಿತು?

ಉತ್ತರ ಇರುವುದು ತಂತಿಯಲ್ಲಿ. ಬಿಎಂಡಬ್ಲ್ಯು, ಆಡಿ, ಮರ್ಸಿಡಿಸ್, ವೋಲ್ವೋ ಕಂಪನಿಗಳ ಅನೇಕ ಮಾದರಿಗಳಲ್ಲಿ ಈ ಉಪಕರಣಗಳು ತಾಮ್ರದ ತಂತಿಯ ಬದಲು ಬೆಳಕಿನ ಮೂಲಕ ಮಾತಾಡುತ್ತವೆ. ಈ ವ್ಯವಸ್ಥೆಯ ಹೆಸರು 'ಮೋಸ್ಟ್'. 2001ರ ಬಿಎಂಡಬ್ಲ್ಯು 7 ಸೀರೀಸ್‌ನಿಂದ ಇದು ರಸ್ತೆಗಿಳಿಯಿತು. ಇಲ್ಲಿರುವುದು ಮನೆಯ ಇಂಟರ್ನೆಟ್‌ನ ಗಾಜಿನ ಎಳೆಯಲ್ಲ, ಸುಮಾರು 1 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆ. ಅದರೊಳಗೆ ಕಣ್ಣಿಗೆ ಕಾಣುವ ಕೆಂಪು ಬೆಳಕು ಓಡುತ್ತದೆ. ಮೊದಲ ಪೀಳಿಗೆಯ ವೇಗ ಸೆಕೆಂಡಿಗೆ ಸುಮಾರು 25 ಮೆಗಾಬಿಟ್, ನಂತರ ಬಂದದ್ದರ ವೇಗ 150.

ಮುಖ್ಯ ವಿಷಯ ಜೋಡಣೆಯದು. ಹೆಡ್ ಯೂನಿಟ್‌ನಿಂದ ಹೊರಟ ಬೆಳಕು ಸಿಡಿ ಚೇಂಜರ್, ಫೋನ್ ಯೂನಿಟ್, ಆಂಪ್ಲಿಫೈಯರ್ ಹೀಗೆ ಒಂದೊಂದನ್ನೂ ದಾಟಿ ಮರಳಿ ಹೆಡ್ ಯೂನಿಟ್‌ಗೆ ಬರಬೇಕು. ಪ್ರತಿಯೊಂದು ಪೆಟ್ಟಿಗೆಯೂ ಬಂದ ಬೆಳಕನ್ನು ಓದಿ, ಹೊಸದಾಗಿ ಬೆಳಗಿಸಿ ಮುಂದಿನದಕ್ಕೆ ಕಳಿಸುತ್ತದೆ. ಗಣೇಶನ ಹಬ್ಬಕ್ಕೆ ಹಾಕುತ್ತಿದ್ದ ಹಳೇ ಸೀರಿಯಲ್ ಸೆಟ್ ನೆನಪಿದೆಯಲ್ಲ? ಒಂದು ಬಲ್ಬ್ ಹೋದರೆ ಇಡೀ ಸರ ಕತ್ತಲು. ಇಲ್ಲೂ ಅದೇ ಕತೆ. ಎಲ್ಲೋ ಒಂದು ಪೆಟ್ಟಿಗೆ ಸತ್ತರೆ ಎಲ್ಲವೂ ಮೂಕವಾಗುತ್ತವೆ. ಬ್ರೇಕ್, ಎಂಜಿನ್ ಬೇರೆ ಜಾಲದಲ್ಲಿರುವುದರಿಂದ ಕಾರು ಓಡುವುದಕ್ಕೆ ತೊಂದರೆಯಿಲ್ಲ. ಆದರೆ ಕೆಲವು ಕಾರುಗಳಲ್ಲಿ ಪಾರ್ಕಿಂಗ್ ಬೀಪ್ ಕೂಡ ಇದೇ ಸ್ಪೀಕರುಗಳಿಂದ ಬರುತ್ತದೆ, ರಿವರ್ಸ್ ತೆಗೆಯುವಾಗ ಎಚ್ಚರ.

ಹಾಗಾದರೆ ಕೆಟ್ಟ ಬಲ್ಬ್ ಹುಡುಕುವುದು ಹೇಗೆ? ಮೊದಲು ಫ್ಯೂಸ್ ನೋಡಿಸಿ. ಕರೆಂಟ್ ಇಲ್ಲದ ಪೆಟ್ಟಿಗೆ ಬೆಳಕನ್ನು ಮುಂದೆ ದಾಟಿಸುವುದಿಲ್ಲ, ಅಷ್ಟಕ್ಕೇ ಸರ ಕಡಿಯುತ್ತದೆ. ಆಮೇಲೆ ಸ್ಕ್ಯಾನರ್. ಆಡಿಯಂಥ ಕಾರುಗಳಲ್ಲಿ ಇದಕ್ಕೆಂದೇ ಒಂದು ಪ್ರತ್ಯೇಕ ತಾಮ್ರದ ತಂತಿ ಇದೆ. ಆ ತಂತಿಯಲ್ಲಿ ಪ್ರತಿ ಪೆಟ್ಟಿಗೆಗೂ ಎರಡೇ ಪ್ರಶ್ನೆ: ನಿನಗೆ ಕರೆಂಟ್ ಬರುತ್ತಿದೆಯೇ? ಹಿಂದಿನವನಿಂದ ಬೆಳಕು ಬರುತ್ತಿದೆಯೇ? "ಕರೆಂಟ್ ಇದೆ, ಬೆಳಕಿಲ್ಲ" ಎಂದು ಯಾರು ಹೇಳುತ್ತಾರೋ, ದೋಷ ಅವರಿಗೂ ಅವರ ಹಿಂದಿನವರಿಗೂ ನಡುವೆ.

ಸ್ಕ್ಯಾನರ್ ಇಲ್ಲದಿದ್ದರೆ ಲೂಪ್ ಎಂಬ ಅಗ್ಗದ ಸಾಧನವಿದೆ. ಅನುಮಾನವಿರುವ ಪೆಟ್ಟಿಗೆಯ ಫೈಬರ್ ಪ್ಲಗ್ ಕಳಚಿ, ಆ ಎರಡು ಎಳೆಗಳನ್ನು ಲೂಪ್‌ನಿಂದ ನೇರ ಜೋಡಿಸಿದರೆ ಬೆಳಕು ಆ ಪೆಟ್ಟಿಗೆಯನ್ನು ಬಿಟ್ಟು ಮುಂದೆ ಹೋಗುತ್ತದೆ. ಉಳಿದವು ಎದ್ದು ಕೂತರೆ ಕಳ್ಳ ಸಿಕ್ಕಂತೆ. ಭಾವನ ಆಂಪ್ಲಿಫೈಯರ್ ಸಿಕ್ಕಿದ್ದೂ ಹೀಗೆಯೇ: ಲೂಪ್ ಹಾಕಿದ ಕೂಡಲೇ ಮ್ಯಾಪ್ ಬಂತು, ಸದ್ದು ಮಾತ್ರ ಬರಲಿಲ್ಲ. ಸರವನ್ನು ನಡೆಸುವ ಹೆಡ್ ಯೂನಿಟ್ಟನ್ನೇ ಹೀಗೆ ಬದಿಗಿಡಲು ಆಗುವುದಿಲ್ಲ ಎಂಬುದು ನೆನಪಿರಲಿ.

"ಪ್ಲಗ್ ಬಿಚ್ಚಿದಾಗ ಕೆಂಪು ಬೆಳಕು ಕಂಡರೆ ಫೈಬರ್ ಸರಿಯಿದೆ" ಎಂಬ ನಂಬಿಕೆ ಅರ್ಧ ಸತ್ಯ. ಬೆಳಕು ಕಾಣುವುದು ಬೇರೆ, ಸಾಕಷ್ಟು ಬರುವುದು ಬೇರೆ. ಎಳೆ ಎಲ್ಲೋ ಮಡಚಿದ್ದರೆ, ತುದಿಗೆ ಧೂಳು ಅಥವಾ ಬೆರಳಿನ ಜಿಡ್ಡು ಅಂಟಿದ್ದರೆ ಬೆಳಕು ಮಂಕಾಗುತ್ತದೆ. ಆಗ ಸ್ಟೀರಿಯೋ ಒಮ್ಮೆ ಹಾಡುತ್ತದೆ, ಒಮ್ಮೆ ಇಲ್ಲ. ಇದನ್ನು ಹಿಡಿಯಲೆಂದೇ ಕೆಲವು ಸ್ಕ್ಯಾನರುಗಳಲ್ಲಿ ಬೆಳಕನ್ನು ಅರ್ಧಕ್ಕೆ ಇಳಿಸಿ ಪರೀಕ್ಷಿಸುವ ವ್ಯವಸ್ಥೆಯಿದೆ. ಅರ್ಧ ಬೆಳಕಿನಲ್ಲಿ ಯಾವ ಪೆಟ್ಟಿಗೆಗೆ ಕಾಣುವುದಿಲ್ಲವೋ, ಅದಕ್ಕೆ ಬರುವ ಎಳೆಯಲ್ಲೇ ಸೋರಿಕೆ. ಹಾಂ, ನೋಡಲೇಬೇಕಿದ್ದರೆ ಬೆಳಕನ್ನು ಬಿಳಿ ಕಾಗದದ ಮೇಲೆ ಬೀಳಿಸಿ ನೋಡಿ. ಎಳೆಯನ್ನು ಕಣ್ಣಿಗೆ ಹಿಡಿಯಬೇಡಿ.

ಎಳೆಯನ್ನು 25 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಬಾರದು. ಕೈಬಳೆಯ ಸುತ್ತಿಗಿಂತ ಸಣ್ಣ ಸುತ್ತು ಬೇಡ ಎಂದು ಇಟ್ಟುಕೊಳ್ಳಿ. ಸೀಟ್ ಕವರ್ ಅಥವಾ ಹೊಸ ಕ್ಯಾಮೆರಾ ಹಾಕುವಾಗ ಕೇಬಲ್ ಟೈ ಬಿಗಿದು ಎಳೆ ಹಾಳಾಗುವುದುಂಟು. ತುಂಡಾದ ಎಳೆಗೆ ಫೆವಿಕ್ವಿಕ್, ಟೇಪ್, ಬೆಸುಗೆ ಯಾವುದೂ ನಡೆಯುವುದಿಲ್ಲ. ಅದನ್ನು ಕತ್ತರಿಸಲೂ ಬೇರೆಯೇ ಕತ್ತರಿ ಬೇಕು, ತುದಿ ಕನ್ನಡಿಯಂತೆ ನಯವಾಗಿರಬೇಕು.

"ಅಷ್ಟೆಲ್ಲ ಏಕೆ, ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸಿ" ಎನ್ನುವವರೂ ಇದ್ದಾರೆ. ಕಾರಿನ ಆಂಪ್ಲಿಫೈಯರ್ ಬೆಳಕಿನ ಭಾಷೆಯನ್ನಷ್ಟೇ ಕೇಳುವುದಾದರೆ, ಅದಕ್ಕೆ ತಕ್ಕ ಅಡಾಪ್ಟರ್ ಇಲ್ಲದೆ ಹೊಸ ಸ್ಟೀರಿಯೋದಿಂದಲೂ ಸದ್ದು ಬರುವುದಿಲ್ಲ.

ಸಾಮಾನ್ಯ ಸಣ್ಣ ಕಾರುಗಳಲ್ಲಿ ಈ ವ್ಯವಸ್ಥೆ ಇರುವುದಿಲ್ಲ, ಅಲ್ಲಿರುವುದು ತಾಮ್ರದ ತಂತಿಯೇ. ನಿಮ್ಮದು ಬೆಳಕಿನ ಸರದ ಕಾರಾಗಿದ್ದರೆ, ಎಸ್ಟಿಮೇಟ್‌ಗೆ ಸಹಿ ಹಾಕುವ ಮೊದಲು ಗ್ಯಾರೇಜಿನವರನ್ನು ಕೇಳಿ: "ಸರ ಎಲ್ಲಿ ಕಡಿದಿದೆ ಎಂದು ಪರೀಕ್ಷೆ ಮಾಡಿದಿರಾ? ಯಾವ ಪೆಟ್ಟಿಗೆಗಳಿಗೆ ಲೂಪ್ ಹಾಕಿ ನೋಡಿದಿರಿ?"