ಖಾಕಿ ಮೇಲಿನ ಬಿಳಿ ಕಲೆ: ತಪ್ಪು ಇಸ್ತ್ರಿಯದಲ್ಲ, ನೀರಿನದು

ಈ ಸಂಚಿಕೆ ಒಂದು ವಾಯ್ಸ್ ಮೆಸೇಜ್‌ನಿಂದ ಶುರುವಾಗುತ್ತೆ. ಕೂಡ್ಲಿಗಿ ಕಡೆಯ ಹಳ್ಳಿಯೊಂದರ ಎನ್‌ಸಿಸಿ ಕೆಡೆಟ್ ತಂಗಿ ಕೇಳಿದ್ದಾಳೆ: "ಅಣ್ಣಾ, ನನ್ಹತ್ರ ಇರೋದು ಒಂದೇ ಜೊತೆ ಯೂನಿಫಾರ್ಮ್. ಎಷ್ಟು ಗಂಜಿ ಹಾಕಿ ಇಸ್ತ್ರಿ ಮಾಡಿದ್ರೂ ಬಿಳಿ ಕಲೆ ಬರ್ತಾವ. ಮುಂದಿನ ವಾರ ಕ್ಯಾಂಪ್ ಐತಿ, ಏನ್ ಮಾಡ್ಲಿ?"

ಕೇಳಿದ ಕೂಡಲೇ ನನಗೆ ನನ್ನ ಬಿ.ಕಾಂ ಎರಡನೇ ವರ್ಷ ನೆನಪಾಯ್ತು. ಜನವರಿ 26ರ ಪರೇಡ್, ನಾನು ಮೊದಲ ಸಾಲು. ಹಿಂದಿನ ರಾತ್ರಿ ಬಾರ್ ಸೋಪು ಉಜ್ಜಿ, ಮಂದ ಗಂಜಿ ಹಾಕಿ, ಇಸ್ತ್ರಿ ಪೆಟ್ಟಿಗೆ ಕೆಂಡದಂಗೆ ಕಾಯಿಸಿ ಒತ್ತಿದ್ದೆ. ಬೆಳಿಗ್ಗೆ ನೋಡಿದ್ರೆ ಎದೆ ಮೇಲೆ ಬಿಳಿ ಗೆರೆ, ಕಾಲರ್ ಮೇಲೆ ಹೊಳಪು. ಸರ್ ಬೈಲಿಲ್ಲ, ಸುಮ್ನೆ ಕೊನೇ ಸಾಲಿಗೆ ಕಳಿಸಿದ್ರು. ಮೈದಾನದ ಅಂಚಲ್ಲಿ ನಿಂತಿದ್ದ ಅವ್ವ ಮೊದಲ ಸಾಲಲ್ಲೇ ನನ್ನ ಹುಡುಕ್ತಾ ಇದ್ಳು.

ಆಮೇಲೆ ನಮ್ಮ ಓಣಿಯ ನಿವೃತ್ತ ಹವಾಲ್ದಾರ್ ತಾತ ಒಂದೇ ಮಾತು ಹೇಳಿದ್ರು: "ಯೂನಿಫಾರ್ಮ್ ಕೆಡೋದು ಬಕೆಟ್‌ನಾಗ, ಇಸ್ತ್ರಿ ಟೇಬಲ್ ಮ್ಯಾಲಲ್ಲ." ಅದನ್ನೇ ಇವತ್ತು ಬಿಡಿಸಿ ಹೇಳ್ತೀನಿ.

ಖಾಕಿ ಅಂದ್ರೆ ಧೂಳಿನ ಬಣ್ಣ. ಪರ್ಷಿಯನ್ನಿನ 'ಖಾಕ್' ಎಂದರೆ ಮಣ್ಣು, ಧೂಳು. ನಮ್ಮ ಮಂಗಳೂರಿಗೂ ಇದರ ನಂಟಿದೆ: 19ನೇ ಶತಮಾನದ ನಡುವಿನಲ್ಲಿ ಅಲ್ಲಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಖಾಕಿ ಬಣ್ಣದ ಬಟ್ಟೆ ತಯಾರಾಗ್ತಿತ್ತು. ಈ ಬಣ್ಣ ಕೂಡ್ಲಿಗಿಯ ಕೆಂಪು ಧೂಳನ್ನ ತಕ್ಕಮಟ್ಟಿಗೆ ಮುಚ್ಚಿಡುತ್ತೆ. ಬಿಳಿ ಸುಣ್ಣದಂಶವನ್ನ ಮಾತ್ರ ಮುಚ್ಚಲ್ಲ.

ಆ ಬಿಳಿ ಎಲ್ಲಿಂದ ಬಂತು? ಬೋರ್‌ವೆಲ್ ನೀರು ಕಾಯಿಸೋ ಪಾತ್ರೆ ತಳ ನೋಡ್ರಿ, ಬಿಳಿ ಪದರ ಕೂತಿರುತ್ತೆ. ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತೆ. ಅದಕ್ಕೆ ಬಾರ್ ಸೋಪು ಸೇರಿದ್ರೆ ನೊರೆ ಬರಲ್ಲ, ಕರಗದ ಗಸಿ ಆಗುತ್ತೆ, ಬಟ್ಟೆಗೆ ಅಂಟುತ್ತೆ. ಅದರ ಮೇಲೆ ಇಸ್ತ್ರಿ ಎಳೆದ್ರೆ ಕಲೆ ಇನ್ನೂ ಎದ್ದು ಕಾಣುತ್ತೆ.

ಪರಿಹಾರ ಸುಲಭ. ಬಾರ್ ಸೋಪು ಬಿಡಿ, ಡಿಟರ್ಜೆಂಟ್ ಪುಡಿ ಬಳಸಿ. ಅದು ಗಡಸು ನೀರಲ್ಲೂ ಅಷ್ಟು ಗಸಿ ಮಾಡಲ್ಲ. ಮೂರು ಸಲ ಜಾಲಿಸಿ. ಕೊನೇ ಸಲಕ್ಕೆ ಮಾತ್ರ ಅರ್ಧ ಬಕೆಟ್ ಮೆದು ನೀರು: ಮಳೆ ನೀರು, ಇಲ್ಲಾಂದ್ರೆ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ತರ್ತೀವಲ್ಲ, ಆ ನೀರು. ಹಳೇ ಕಲೆ ಇದ್ರೆ ಸೋಸಿದ ಒಂದು ನಿಂಬೆಹಣ್ಣಿನ ರಸ ಬೆರೆಸಿ, ಹತ್ತು ನಿಮಿಷ ನೆನೆಸಿ, ಮತ್ತೆ ಜಾಲಿಸಿ. ಕಾಮರ್ಸ್ ಓದಿದವನ ಲೆಕ್ಕ ಹೇಳ್ತೀನಿ: ಖರ್ಚು ಒಂದು ಚಹಾದ ದುಡ್ಡಿಗಿಂತ ಕಮ್ಮಿ.

ಇನ್ನು ಗಂಜಿ. ಅದು ಹತ್ತಿ ಬಟ್ಟೆಗೆ ಹಿಡಿಯುತ್ತೆ. ಟೆರಿಕಾಟ್‌ನಲ್ಲಿ ಪಾಲಿಯೆಸ್ಟರ್ ಇರೋದ್ರಿಂದ ಮಂದ ಗಂಜಿ ಒಳಗೆ ಇಳಿಯಲ್ಲ, ಮೇಲೇ ಕೂತು ಮಡಿಕೆಯಲ್ಲಿ ಬಿರುಕು ಬಿಟ್ಟು ಉದುರುತ್ತೆ. ನೀರು ಮಜ್ಜಿಗೆಯಷ್ಟು ತೆಳು ಮಾಡಿ, ಸೋಸಿ ಹಾಕಿ. ಒಂದೇ ಜೊತೆ ಇರೋರು ನೆರಳಲ್ಲೇ ಒಣಗಿಸಿ, ಬಣ್ಣ ಉಳಿಯುತ್ತೆ.

ಇಸ್ತ್ರಿಗೆ ಬರೋಣ. ಪೆಟ್ಟಿಗೆ ಮೇಲಿನ ಚುಕ್ಕೆಗಳಿಗೆ ಅರ್ಥ ಇದೆ: ಒಂದು ಚುಕ್ಕೆ ಸುಮಾರು 110 ಡಿಗ್ರಿ ಸೆಲ್ಸಿಯಸ್, ಎರಡು 150, ಮೂರು 200. ಟೆರಿಕಾಟ್‌ಗೆ ಎರಡು ಚುಕ್ಕೆ ದಾಟಬೇಡಿ. ಜಾಸ್ತಿ ಬಿಸಿಗೆ ಪಾಲಿಯೆಸ್ಟರ್ ಎಳೆ ಚಪ್ಪಟೆಯಾಗಿ ಹೊಳೆಯುತ್ತೆ, ಆ ಹೊಳಪು ಹೋಗೋದು ಕಷ್ಟ. ಬಟ್ಟೆ ಸ್ವಲ್ಪ ಹಸಿ ಇದ್ದಾಗಲೇ, ಮೇಲೊಂದು ಒದ್ದೆ ಹತ್ತಿ ಬಟ್ಟೆ ಹಾಸಿ ಒತ್ತಿ. ಇದ್ದಿಲು ಪೆಟ್ಟಿಗೆಯ ಅಂಗಡಿಗೆ ಕೊಟ್ರೂ ಇದನ್ನೇ ಹೇಳಿ. ಪ್ಯಾಂಟಿನ ಎರಡು ಹೊಲಿಗೆ ಒಂದರ ಮೇಲೊಂದು ಕೂರಿಸಿ, ಆಮೇಲೆ ಗೆರೆ ಹಾಕಿ. ಜೋಡಿ ಗೆರೆ ಬಂತಾ? ನೀರು ಚಿಮುಕಿಸಿ ಅಳಿಸಿ, ಮತ್ತೆ ಹಾಕಿ.

ಕೊನೆಗೆ ಸಣ್ಣವು. ಹಿತ್ತಾಳೆ ಉಜ್ಜುವಾಗ ಹಿಂದೆ ರಟ್ಟು ಇಡಿ, ಪಾಲಿಶ್ ಬಟ್ಟೆಗೆ ತಾಗಬಾರದು. ಬೂಟಿಗೆ ಪಾಲಿಶ್ ತೆಳ್ಳಗೆ ಸವರಿ, ಒಂದು ಹನಿ ನೀರು ಹಾಕಿ, ಅರಳೆಯಿಂದ ಸುತ್ತುಸುತ್ತಾಗಿ ಉಜ್ಜಿ. ಬೆರೆಟ್‌ನ ಬ್ಯಾಡ್ಜ್ ಎಡಗಣ್ಣಿನ ಮೇಲೆ ಬರಲಿ.

ತಂಗಿ, ಇದೆಲ್ಲ ಯಾಕೆ ಅಂದ್ರೆ, 'ಸಿ' ಸರ್ಟಿಫಿಕೇಟ್‌ನಲ್ಲಿ ಕನಿಷ್ಠ 'ಬಿ' ಗ್ರೇಡ್, ಪದವಿಯಲ್ಲಿ 50% ಅಂಕ ಇದ್ರೆ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಅರ್ಜಿ ಹಾಕಬಹುದು. ಅದರಲ್ಲಿ ಆಯ್ಕೆಯಾದವರು ಲಿಖಿತ ಪರೀಕ್ಷೆ ಇಲ್ಲದೆ ಎಸ್‌ಎಸ್‌ಬಿ ಸಂದರ್ಶನಕ್ಕೆ ಹೋಗ್ತಾರೆ. ಹುಡುಗಿಯರಿಗೂ ಅವಕಾಶ ಇದೆ. ಯೂನಿಫಾರ್ಮ್ ನಿನ್ನ ಅಧಿಕಾರಿ ಮಾಡಲ್ಲ, ಒಪ್ತೀನಿ. ಆದ್ರೆ ಬಿಳಿ ಕಲೆಯ ಚಿಂತೆ ಇದ್ರೆ ತಲೆ ಎತ್ತಿ ನಿಲ್ಲೋಕೆ ಆಗಲ್ಲ, ಅದು ನನಗೆ ಗೊತ್ತು.

ಕ್ಯಾಂಪಿಗೆ ಎರಡು ದಿನ ಮುಂಚೆಯೇ ಒಗಿ, ಹಿಂದಿನ ರಾತ್ರಿಗೆ ಬಿಡಬೇಡ. ನಿಮ್ಮವ್ವ ನಿನ್ನನ್ನ ಮೊದಲ ಸಾಲಲ್ಲೇ ನೋಡಲಿ.