ಬಳ್ಳಾರಿ ಮೇಷ್ಟ್ರಿಗೆ 9 ರೂಪಾಯಿ

ಸರ್ಕಾರಿ ಶಾಲೆ ಬರೋಕೆ ಮುಂಚೆ
ಬಳ್ಳಾರಿ ಕಡೆ ಮಕ್ಕಳು ಓದ್ತಾನೇ ಇರಲಿಲ್ವಾ?

ಓದ್ತಿದ್ರು!
1823ರಲ್ಲಿ ಕಲೆಕ್ಟರ್ ಕ್ಯಾಂಪ್‌ಬೆಲ್ ಲೆಕ್ಕ ತೆಗೆದಾಗ
ಸಿಕ್ಕಿದ್ದು 533 ಶಾಲೆ.
ಹುಡುಗೀರು ಮಾತ್ರ, ಇಡೀ ಜಿಲ್ಲೆಗೆ 60.

ಬೆಳಿಗ್ಗೆ ಮೊದಲು ಬಂದವನ ಅಂಗೈ ಮೇಲೆ
‘ಸರಸ್ವತಿ’ ಅಂತ ಬರೀತಿದ್ರು.
ಎರಡನೆಯವನಿಗೆ ಸೊನ್ನೆ.
ಮೂರನೆಯವನಿಗೆ ಒಂದೇಟು,
ನಾಲ್ಕನೆಯವನಿಗೆ ಎರಡು...
ಆಟೋ ಮೀಟರ್ ಥರ ಏರ್ತಾನೇ ಹೋಗೋದು!

ಮೇಷ್ಟ್ರ ಹೊಟ್ಟೆಪಾಡು ಮಕ್ಕಳ ಫೀಸಿನಿಂದ.
ಕಾಸಿಲ್ಲದವರು ಮಗನನ್ನ ಶಾಲೆ ಬಿಡಿಸ್ತಿದ್ರು.

1826ರಲ್ಲಿ, ಬಳ್ಳಾರಿ ಆಗ ಸೇರಿದ್ದ ಮದ್ರಾಸ್ ಪ್ರಾಂತ್ಯದ ಗವರ್ನರ್ ಮನ್ರೋ ಯೋಜನೆ:
ತಾಲೂಕಿಗೊಂದು ಸರ್ಕಾರಿ ಶಾಲೆ,
ಮೇಷ್ಟ್ರಿಗೆ ತಿಂಗಳಿಗೆ 9 ರೂಪಾಯಿ.
ಉಳಿದದ್ದು?
ಮತ್ತೆ ಮಕ್ಕಳ ಫೀಸೇ!
ಇಷ್ಟಕ್ಕೆ ಒಳ್ಳೆ ಮೇಷ್ಟ್ರು ಸಿಕ್ತಾರಾ, ನೀವೇ ಹೇಳಿ?

ಮರುವರ್ಷವೇ ಮನ್ರೋ ಕಾಲರಾಕ್ಕೆ ಬಲಿ.
ಆಳ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಗಮನ ಇಂಗ್ಲಿಷ್ ಕಡೆ ತಿರುಗ್ತು.
1836ರಲ್ಲಿ ತಾಲೂಕು ಶಾಲೆಗಳಿಗೆ ಬೀಗ.