ಕೊನೆಯುಸಿರಿನ ತೀರ್ಮಾನ ಯಾರದು?

2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಪೂರೈಕೆ ನಿಂತಿತು. ಮರುದಿನದ ಹೊತ್ತಿಗೆ 24 ರೋಗಿಗಳು ಅಸುನೀಗಿದ್ದರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರವೆಂದು ಸರ್ಕಾರ ಮೊದಲು ಹೇಳಿತು. ಉಚ್ಚ ನ್ಯಾಯಾಲಯ ನೇಮಿಸಿದ ಸಮಿತಿಯಾದರೋ ಆ ಕೊರತೆಯನ್ನೇ ಎತ್ತಿ ತೋರಿತು. ಗುಂಡ್ಲುಪೇಟೆ ತಾಲ್ಲೂಕಿನ ಮನೆಗಳಿಗೂ ಆಸರೆಯಾದ ಆಸ್ಪತ್ರೆಯದು. ಅದನ್ನು ವಿಧಿಯೆಂದು ಸುಮ್ಮನಾಗುವುದು ಧರ್ಮವಲ್ಲ. ಅವರಾರೂ ಚಿಕಿತ್ಸೆ ಬೇಡವೆಂದವರಲ್ಲ.

ಗುಣವಾಗುವ ಆಸೆಯೇ ಉಳಿಯದಾಗ, ನರಳಿಕೆಯನ್ನಷ್ಟೇ ನೀಳಗೊಳಿಸುವ ಯಂತ್ರವನ್ನು ರೋಗಿ ತಾನೇ ಬೇಡವೆನ್ನುವುದು ಬೇರೆಯೇ ಮಾತು. ಈ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಮನ್ನಿಸಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಆದೇಶ ಹೊರಡಿಸಿತು. ಅದರಂತೆ ವಯಸ್ಕರು ಸ್ವಸ್ಥಚಿತ್ತದಲ್ಲಿ ತಮ್ಮ ಇಚ್ಛೆಯನ್ನು ಬರೆದಿಟ್ಟು, ಇಬ್ಬರು ಸಾಕ್ಷಿಗಳ ಸಹಿ ಪಡೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ತಮ್ಮ ಪರವಾಗಿ ನಿರ್ಧರಿಸುವವರನ್ನೂ ಹೆಸರಿಸಬಹುದು. ಬಳಿಕವೂ ವೈದ್ಯರ ಎರಡು ಮಂಡಳಿಗಳು ಪರಿಶೀಲಿಸಬೇಕು. ಇದು ವಿಷವಿಕ್ಕುವ ಅನುಮತಿಯಲ್ಲ. ನೋವಿನ ಶಮನ, ಆರೈಕೆ ಕೊನೆಯವರೆಗೂ ನಡೆಯಲೇಬೇಕು.

ಸಾಂಕ್ರಾಮಿಕದಲ್ಲಿ ವಾರ್ಡಿನ ಬಾಗಿಲು ಬಂಧುಗಳಿಗೆ ಮುಚ್ಚಿತ್ತು. ದೂರವಾಣಿಯಲ್ಲಿ ವೈದ್ಯರು ಕೇಳಿದಾಗ ಹಿರಿಯರ ಮನಸ್ಸನ್ನು ಬಲ್ಲವರು ಯಾರು? ಆದುದರಿಂದ ಆರೋಗ್ಯವಿರುವಾಗಲೇ ಮನೆಮಂದಿ ಕುಳಿತು ಈ ಮಾತನ್ನಾಡುವುದು ಲೇಸು, ಅದು ಅಪಶಕುನವಲ್ಲ. ಆದರೆ ಹಿರಿಯರ ಇಚ್ಛಾಪತ್ರವು ಆಸ್ಪತ್ರೆಯ ಬರಿದಾದ ಸಿಲಿಂಡರಿಗೆ ನೆಪವಾಗಬಾರದು. ಬದುಕಬಯಸುವವನಿಗೆ ಉಸಿರು ಒದಗಿಸುವುದು ಸಮಾಜದ ಹೊಣೆ. ಸಾಕೆಂದವನ ಮಾತನ್ನು ಮನ್ನಿಸುವುದು ಮನೆಯವರ ಹೊಣೆ. ಇವೆರಡನ್ನೂ ನಾವು ಮರೆಯದಿರೋಣ.